ರೂಢಿಯಂತೆ ನೀಲಿ

ಇಪ್ಪತ್ತಾರು ವರ್ಷ ಶಾಯಿ ಹಚ್ಚಿ, ಹಚ್ಚಿಸಿದವಳನ್ನು ಜನ ಇನ್ನೇನೆಂದು ಕರೆಯಬೇಕು? ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ, ಕೆಳಗಿನ ಕ್ಯಾಂಟೀನಿನಲ್ಲಿ, ಲಿಫ್ಟಿನವನ ಬಾಯಲ್ಲಿ, ಎಲ್ಲ ಕಡೆಯೂ ಅವಳು ಶಾಯಿ ಅಕ್ಕ. ಗಂಡ ಮಾತ್ರ ‘ಅಕ್ಕ’ ಬಿಟ್ಟು ಬರೀ ‘ಶಾಯಿ’ ಎನ್ನುತ್ತಿದ್ದ. ಅಷ್ಟು ವಿನಾಯಿತಿ ಅವನಿಗಿತ್ತು.

ಅವಳ ಕೆಲಸ ಗ್ರಾಸಿಂಗ್ ಕೋಣೆಯಲ್ಲಿ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಮೊದಲು ಬಂದು ಬೀಳುವುದು ಅಲ್ಲಿ. ಪೆಥಾಲಜಿ ಕಲಿಯುವ ಪಿ.ಜಿ. ಡಾಕ್ಟರು ಅದನ್ನು ಅಳೆದು, ಹೋಳು ಮಾಡಿ, ಪರೀಕ್ಷೆಗೆ ತುಣುಕು ಆರಿಸುತ್ತಾರೆ. ಆದರೆ ಕತ್ತಿ ಇಡುವ ಮೊದಲು ಗಡ್ಡೆಯ ಒಂದೊಂದು ಮಗ್ಗುಲಿಗೂ ಒಂದೊಂದು ಬಣ್ಣದ ಶಾಯಿ ಬಳಿಯಬೇಕು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕ್ಯಾನ್ಸರ್ ಯಾವ ಬಣ್ಣವನ್ನು ಮುಟ್ಟಿದೆಯೋ, ಮೈಯಲ್ಲಿ ಆ ಕಡೆ ಇನ್ನೂ ಉಳಿದಿರಬಹುದು ಎಂದರ್ಥ. ಸರ್ಜನ್ ಮತ್ತೆ ಆ ಕಡೆಯೇ ಕತ್ತರಿಸುತ್ತಾರೆ. ಇಲ್ಲಿ ಬಣ್ಣ ತಪ್ಪಿತೋ, ಅಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆ ವಿಭಾಗದಲ್ಲಿ ನೀಲಿ ಎಂದರೆ ಹೊರ ಮಗ್ಗುಲು, ತೋಳಿನ ಕಡೆ. ಕಪ್ಪು ಎಂದರೆ ಒಳ ಮಗ್ಗುಲು, ಎದೆಯ ನಡುವಿನ ಕಡೆ. ಮೇಲೆ ಕೆಳಗೆ, ಹಿಂದೆ ಮುಂದೆ, ಇನ್ನೂ ನಾಲ್ಕು ಬಣ್ಣ. ಇದು ಗೋಡೆಯ ಮೇಲೂ ಬರೆದಿರಲಿಲ್ಲ, ಕಡತದಲ್ಲೂ ಇರಲಿಲ್ಲ. ಶಾಯಿ ಅಕ್ಕನ ತಲೆಯಲ್ಲಿತ್ತು. ವರದಿಯಲ್ಲಿ ಆರು ಬಣ್ಣವನ್ನೂ ಬರೆಯುತ್ತಾ ಕೂರಲು ಪುರುಸೊತ್ತಿಲ್ಲವೆಂದು ಒಂದು ಅಡ್ಡದಾರಿಯನ್ನೂ ಅವಳೇ ಕಲಿಸಿದ್ದಳು: ‘ರೂಢಿಯಂತೆ ಶಾಯಿ ಹಚ್ಚಲಾಗಿದೆ.’ ಎಷ್ಟೋ ತಂಡಗಳ ಡಾಕ್ಟರುಗಳು ಆ ಒಂದೇ ಸಾಲು ಬರೆದು ಪಾಸಾಗಿ ಹೋಗಿದ್ದರು.

ಗೋಡೆಗೆ ಒಂದು ಪಟ್ಟಿ ಅಂಟಿಸಿ ಎಂದು ವಿಭಾಗದ ಮುಖ್ಯಸ್ಥರು ಎರಡು ಸಲ ಹೇಳಿದ್ದರು. ‘ಗೋಡೆ ಒದ್ದೆ ಸಾರ್, ನಿಲ್ಲಲ್ಲ’ ಎಂದು ಎರಡು ಸಲವೂ ತೇಲಿಸಿಬಿಟ್ಟಿದ್ದಳು. ಗೋಡೆ ಒದ್ದೆಯಾಗಿದ್ದೇನೋ ನಿಜ. ಆದರೆ ಬರೆದಿಟ್ಟ ಮೇಲೆ ತನ್ನನ್ನು ಕೇಳುವವರು ಯಾರು? ಬಿಳಿ ಏಪ್ರನ್ ತೊಟ್ಟ ಡಾಕ್ಟರು ಪಿಯುಸಿ ಓದಿದ ಒಬ್ಬ ಟೆಕ್ನಿಷಿಯನ್ ಮುಂದೆ ಬ್ರಷ್ ಹಿಡಿದು, ‘ಅಕ್ಕ, ನೀಲಿ ಯಾವ ಕಡೆ?’ ಎಂದು ಕೇಳುವ ಗಳಿಗೆ ಅವಳಿಗೆ ಸಂಬಳಕ್ಕಿಂತ ರುಚಿಯಾಗಿತ್ತು. ಇದನ್ನು ಅವಳು ತನಗೆ ತಾನೇ ಹೇಳಿಕೊಂಡವಳಲ್ಲ, ನಾನು ಹೇಳುತ್ತಿದ್ದೇನೆ.

ಆ ವರ್ಷ ಹನ್ನೆರಡು ಜನ ಪಿ.ಜಿ.ಗಳಿಗೂ ವಿಭಾಗದಿಂದಲೇ ಒಂದೊಂದು ಕಿಸೆ ಪುಸ್ತಕ ಕೊಡಿಸುವುದೆಂದು ತೀರ್ಮಾನವಾಯಿತು. ಯಾವ ಅಂಗವನ್ನು ಹೇಗೆ ಕತ್ತರಿಸಬೇಕು, ಏನೇನು ಅಳೆಯಬೇಕು ಎಂದು ಥಟ್ಟನೆ ತೆಗೆದು ನೋಡುವಂಥದ್ದು. ಪುಸ್ತಕದಂಗಡಿಯವರು ನೋಡಲೆಂದು ಮೂರು ಬಿಟ್ಟುಹೋದರು: ಒಂದು ದಪ್ಪನೆಯ ಕೆಂಪು, ಒಂದು ಸುರುಳಿ ತಂತಿಯದು, ಒಂದು ತೆಳ್ಳನೆಯ ಹಳದಿ. ಮುಖ್ಯಸ್ಥರು ಮೂರನ್ನೂ ತಂದು ಶಾಯಿ ಅಕ್ಕನ ಮೇಜಿನ ಮೇಲಿಟ್ಟರು.

“ಒಳಗಿರೋದನ್ನ ನಾನು ನೋಡಿದೀನಿ, ಮೂರೂ ಪರವಾಗಿಲ್ಲ. ಆ ಕೋಣೇಲಿ ಯಾವುದು ಬಾಳಿಕೆ ಬರುತ್ತೆ ಅನ್ನೋದು ನಿಮಗೇ ಗೊತ್ತು. ಹದಿನೈದು ದಿನ ಹುಡುಗರ ಕೈಗೆ ಕೊಟ್ಟು ನೋಡಿ. ಆಮೇಲಿನ ಮಂಗಳವಾರ ಸಂಜೆ ಒಂದು ಹೇಳಿ ಸಾಕು.”

ಶಾಯಿ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊನೆಯ ಭಾನುವಾರ ಮೂರನ್ನೂ ಒಂದು ಏಪ್ರನ್ನನ್ನೂ ಮನೆಗೆ ಹೊತ್ತು ತಂದಳು. ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಕೊರಳಲ್ಲಿದ್ದ ಟೇಪು ತೆಗೆದು ಕಿಸೆ ಅಳೆದ.

“ಐದೂವರೆ ಇಂಚು ಬಾಯಿ. ಕೆಂಪು ತುರುಕಿದ್ರೆ ಹೊಲಿಗೆ ಕಿತ್ತು ಬರುತ್ತೆ. ತಂತೀದು ಬಟ್ಟೆಗೆ ಸಿಕ್ಕಿಕೊಂಡು ಎಳೆಯುತ್ತೆ. ಹಳದಿ ಸಲೀಸಾಗಿ ಕೂರುತ್ತೆ ನೋಡು.”

“ಒಳಗಡೆ ಏನಿದೆ ಅಂತ ನೋಡೋದು ಬೇಡ್ವಾ?” ಎಂದಳು ಹೆಂಡತಿ.

“ಒಳಗಿಂದು ನಿನ್ನ ಡಾಕ್ಟರಿಗೆ. ನಂದೇನಿದ್ರೂ ಹೊರಗಿಂದು.” ಅವನು ಸೀಮೆಸುಣ್ಣದ ಚೂರಿನಿಂದ ಮುಂದಿದ್ದ ಬಟ್ಟೆಯ ಮೇಲೆ ಗೆರೆ ಎಳೆದ. “ಆದ್ರೆ ಒಂದು ಮಾತು. ಬೇರೆ ಟೈಲರು ಗುರುತು ಹಾಕಿದ ಬಟ್ಟೆ ನಾನು ಮುಟ್ಟೋದೇ ಇಲ್ಲ. ಅವನ ಗೆರೆ ಅವನಿಗೇ ಗೊತ್ತು. ಒಳಗಡೆ ಯಾವುದು, ಹೊರಗಡೆ ಯಾವುದು ಅಂತ ಅಂದಾಜು ಮಾಡಿ ಕತ್ತರಿ ಹಾಕಿದ್ರೆ ಬಟ್ಟೆ ಕೆಟ್ಟ ಹಾಗೇ.”

ಶಾಯಿ ಅಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ದಿನಕ್ಕೆ ಇಂಥ ಹತ್ತು ಮಾತಾಡುತ್ತಿದ್ದ.

ಮಂಗಳವಾರ ಬೆಳಗ್ಗೆ ಒಂಬತ್ತೂವರೆ. ಸಂಜೆ ಹೇಳಬೇಕಾದ ಉತ್ತರ ಅವಳಲ್ಲಿ ಸಿದ್ಧವಾಗಿತ್ತು: ಹಳದಿ. ಕೊನೆಯದಾಗಿ ಒಮ್ಮೆ ಹಾಳೆ ತಿರುವುತ್ತಿದ್ದಳು. ಸ್ತನದ ಗಡ್ಡೆಯ ಅಧ್ಯಾಯದ ಎರಡನೆಯ ಪುಟದಲ್ಲಿ ಒಂದು ಹೆಬ್ಬೆರಳಿನ ಗುರುತು ಮೂಡಿತ್ತು. ನೀಲಿ ಶಾಯಿಯದು. ಯಾರೋ ಕೆಲಸದ ನಡುವೆ ಒದ್ದೆ ಕೈಯಲ್ಲಿ ಈ ಪುಟವನ್ನು ತೆರೆದು ಹಿಡಿದುಕೊಂಡಿದ್ದರು. ಗುರುತಿನ ಪಕ್ಕದಲ್ಲೇ ಒಂದು ಪುಟ್ಟ ಚಿತ್ರ, ಬಣ್ಣಗಳ ಪಟ್ಟಿ. ಅವಳು ಕನ್ನಡಕ ಏರಿಸಿ ಓದಿದಳು.

ನೀಲಿ, ಒಳ ಮಗ್ಗುಲು. ಕಪ್ಪು, ಹೊರ ಮಗ್ಗುಲು.

ಅವಳು ಮತ್ತೊಮ್ಮೆ ಓದಿದಳು. ಪುಸ್ತಕದ್ದು ತಪ್ಪೆಂದಲ್ಲ, ಅದನ್ನು ಬರೆದವರ ಆಸ್ಪತ್ರೆಯಲ್ಲಿ ಅದೇ ರೂಢಿ ಇರಬೇಕು. ಆದರೆ ಇಲ್ಲಿ ಅದು ಪೂರ್ತಿ ತಿರುವುಮುರುವು.

ಹಳದಿ ಪುಸ್ತಕ ಮೊದಲ ವಾರವೆಲ್ಲ ಇದ್ದದ್ದು ಪಿಸುಮಾತಿನ ಕಿಸೆಯಲ್ಲಿ. ಹೊಸದಾಗಿ ಸೇರಿದ ಡಾಕ್ಟರಮ್ಮನಿಗೆ ಉಳಿದವರು ಇಟ್ಟ ಹೆಸರು ಅದು; ಎದುರು ಕೂತು ಮಾತಾಡಿದರೂ ಕಿವಿ ಹತ್ತಿರ ತರಬೇಕಾಗಿತ್ತು. ಶಾಯಿ ಅಕ್ಕ ದಾಖಲೆ ಪುಸ್ತಕ ಎಳೆದುಕೊಂಡಳು. ಆ ವಾರ ಪಿಸುಮಾತು ಕತ್ತರಿಸಿದ್ದರಲ್ಲಿ ಬಣ್ಣ ಬೇಕಾದದ್ದು ಒಂದೇ ಒಂದು: ಮೂವತ್ತೆಂಟರ ಹೆಂಗಸೊಬ್ಬಳ ಎಡ ಸ್ತನದ ಗಡ್ಡೆ. ಟಿಪ್ಪಣಿಯಲ್ಲಿ ದುಂಡು ಅಕ್ಷರದಲ್ಲಿ, ‘ರೂಢಿಯಂತೆ ಶಾಯಿ ಹಚ್ಚಲಾಗಿದೆ.’ ಕೆಳಗೆ ಮುಖ್ಯಸ್ಥರ ವರದಿ. ಅವರು ಸ್ಲೈಡಿನಲ್ಲಿ ಕ್ಯಾನ್ಸರ್ ನೀಲಿಯನ್ನು ಮುಟ್ಟಿದ್ದು ಕಂಡು, ರೂಢಿಯಂತೆ, ‘ಹೊರ ಅಂಚಿನಲ್ಲಿ ಉಳಿದಿದೆ’ ಎಂದು ಸಹಿ ಹಾಕಿದ್ದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಮರು ಆಪರೇಷನ್, ಮಂಗಳವಾರ, ಹತ್ತು ಗಂಟೆ.

ಗಡಿಯಾರ ಒಂಬತ್ತು ನಲವತ್ತು ತೋರಿಸುತ್ತಿತ್ತು. ಆ ಸರ್ಜನ್ನಿಗೆ ಹತ್ತೆಂದರೆ ಹತ್ತೇ.

ಮುಖ್ಯಸ್ಥರಿಗೆ ಫೋನ್ ಮಾಡಿದಳು. ಅವರು ಬೇರೆ ಕಾಲೇಜಿಗೆ ಪರೀಕ್ಷೆ ನಡೆಸಲು ಹೋಗಿದ್ದರು; ಫೋನ್ ಆಫ್. ಆಪರೇಷನ್ ಥಿಯೇಟರಿಗೆ ಮಾಡಿದಳು. ಗಂಟೆ ಬಡಿದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಪಿಸುಮಾತು ಪಕ್ಕದ ಕೋಣೆಯಲ್ಲಿ ಸ್ಲೈಡ್ ನೋಡುತ್ತಿದ್ದಳು. ಶಾಯಿ ಅಕ್ಕ ಹೋಗಿ ಪುಸ್ತಕವನ್ನು ಅವಳ ಮುಂದೆ ಬಿಡಿಸಿ ಹಿಡಿದಳು.

“ಡಾಕ್ಟ್ರೇ, ಇದು ನಿಮ್ಮ ಹೆಬ್ಬೆರಳಾ?”

ಅವಳು ನೋಡಿದಳು. “ಹೌದು ಅಕ್ಕ. ಕ್ಷಮಿಸಿ, ಪುಸ್ತಕ ಕೊಳೆ ಆಗೋಯ್ತು.”

“ಕೊಳೆ ಹಾಳಾಗ್ಲಿ. ಅವತ್ತು ನೀಲಿ ಯಾವ ಕಡೆ ಹಚ್ಚಿದ್ರಿ?”

“ಇದರಲ್ಲಿ ಇದ್ದ ಹಾಗೇ. ಒಳಗಡೆ.”

“ನನ್ನ ಯಾಕೆ ಕೇಳ್ಲಿಲ್ಲ?”

ಪಿಸುಮಾತಿನ ಧ್ವನಿ ಇನ್ನೂ ಇಳಿಯಿತು. “ಅದಕ್ಕೆ ಹಿಂದಿನ ವಾರ ಕೇಳಿದ್ದೆ. ನೀವು ಬೈದ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಾಯಿ ಅಕ್ಕನಿಗೆ ಎಲ್ಲವೂ ನೆನಪಿಗೆ ಬಂತು. ಎಂಟು ಡಬ್ಬಿ ಒಟ್ಟಿಗೆ ಬಂದ ದಿನ. ಈ ಹುಡುಗಿ ಮೂರನೆಯ ಸಲ ಬಣ್ಣ ಕೇಳಿದ್ದಳು, ನೋಟ್‌ಬುಕ್ ಬೇರೆ ತೆರೆದು ಹಿಡಿದಿದ್ದಳು. ‘ಎಷ್ಟು ಸಲ ಹೇಳ್ಬೇಕು ಡಾಕ್ಟ್ರೇ? ಬರ್ಕೊಳ್ಳೋದಲ್ಲ ಇದು, ಕೈಗೆ ಬರ್ಬೇಕಾದ್ದು’ ಎಂದು ಎಲ್ಲರ ಮುಂದೆ ಹೇಳಿ ನಗಿಸಿದ್ದಳು. ನೋಟ್‌ಬುಕ್ ಮುಚ್ಚಿತ್ತು. ಬಾಯಿಯೂ ಮುಚ್ಚಿತ್ತು. ಆಮೇಲೆ ಆ ಮಗು ಕಿಸೆಯಲ್ಲಿದ್ದವರನ್ನು ಕೇಳಿತ್ತು, ಅಷ್ಟೆ. ಪುಸ್ತಕ ಯಾರನ್ನೂ ಬೈಯುವುದಿಲ್ಲ.

“ಬನ್ನಿ” ಎಂದಳು. ಉಳಿದ ಹೋಳುಗಳನ್ನು ಒಂದು ತಿಂಗಳು ಎಸೆಯುವಂತಿಲ್ಲ. ಕಪಾಟಿನ ಮೂರನೆಯ ಖಾನೆಯಲ್ಲಿ ಆ ಡಬ್ಬಿ ಇತ್ತು. ಮುಚ್ಚಳ ತೆಗೆದಾಗ ಫಾರ್ಮಲಿನ್ ಕಣ್ಣಿಗೆ ಹೊಡೆಯಿತು. ಗಡ್ಡೆ ಕಳಿಸುವಾಗ ಸರ್ಜನ್ ಎರಡು ದಾರ ಕಟ್ಟಿರುತ್ತಾರೆ: ಗಿಡ್ಡದ್ದು ಮೇಲುಗಡೆಗೆ, ಉದ್ದದ್ದು ಹೊರಗಡೆಗೆ. ಚಿಮಟಿಗೆಯಲ್ಲಿ ಒಂದೊಂದೇ ಹೋಳನ್ನು ಎತ್ತಿದಳು. ನಾಲ್ಕನೆಯದರಲ್ಲಿ ಉದ್ದ ದಾರ ಜೋತುಬಿದ್ದಿತ್ತು. ದಾರದ ಬುಡದಲ್ಲಿ ಶಾಯಿ ಕಪ್ಪಗಿತ್ತು.

ಕ್ಯಾನ್ಸರ್ ಉಳಿದಿರುವುದು ಒಳಗಡೆ. ಇನ್ನು ಹತ್ತು ನಿಮಿಷಕ್ಕೆ ಕತ್ತರಿಸುವುದು ಹೊರಗಡೆ. ಒಳ್ಳೆಯ ಮಾಂಸ ಹೋಗುತ್ತದೆ, ಕೆಟ್ಟದ್ದು ಮೈಯಲ್ಲೇ ಕೂತು ಬೆಳೆಯುತ್ತದೆ, ‘ಎಲ್ಲಾ ತೆಗೆದಾಯ್ತು’ ಎಂದು ಕಾಗದ ಕೊಟ್ಟು ಮನೆಗೆ ಕಳಿಸುತ್ತಾರೆ.

ಲಿಫ್ಟು ಐದನೆಯ ಮಹಡಿಯಲ್ಲಿ ನಿಂತುಬಿಟ್ಟಿತ್ತು. ಇಬ್ಬರೂ ಮೆಟ್ಟಿಲು ಹತ್ತಿದರು. ಶಾಯಿ ಅಕ್ಕನಿಗೆ ಐವತ್ತೇಳು. ಥಿಯೇಟರಿದ್ದ ಮೂರನೆಯ ಮಹಡಿ ತಲುಪುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಡಬ್ಬಿಯನ್ನು ಮಾತ್ರ ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್ ಅಡ್ಡ ನಿಂತರು.

“ಚಪ್ಪಲಿ.”

“ಸಿಸ್ಟರ್, ಕತ್ತಿ ಹಾಕಿದಾರಾ?”

“ನಿದ್ದೆ ಬರಿಸಿದಾರೆ, ಗುರುತು ಹಾಕ್ತಿದಾರೆ. ನೀವು ಒಳಗೆ ಹೋಗೋ ಹಾಗಿಲ್ಲ.”

“ನಾನು ಹೋಗಲ್ಲ. ಅವರನ್ನ ಕರೀರಿ. ಕಡೆ ತಪ್ಪಾಗಿದೆ ಅಂತ ಹೇಳಿ, ಅಷ್ಟು ಸಾಕು.”

ಸಿಸ್ಟರ್ ಒಂದು ಕ್ಷಣ ಅವಳ ಮುಖ ನೋಡಿದರು, ಮತ್ತೆ ಡಬ್ಬಿ ನೋಡಿದರು, ಒಳಗೆ ಓಡಿದರು. ಸರ್ಜನ್ ಹೊರಗೆ ಬಂದಾಗ ಕೈಯಲ್ಲಿ ಚರ್ಮದ ಮೇಲೆ ಗೆರೆ ಎಳೆಯುವ ಪೆನ್ನು ಇನ್ನೂ ಇತ್ತು.

“ವರದಿ ನಿಮ್ಮದೇ. ಸಹಿ ನಿಮ್ಮ ಹೆಡ್ಡದೇ. ಈಗ ಟೇಬಲ್ ಮೇಲೆ ಮಲಗಿಸಿದ ಮೇಲೆ ಬಂದು ತಪ್ಪು ಅಂತೀರಾ?”

ಶಾಯಿ ಅಕ್ಕ ಮುಚ್ಚಳ ತೆಗೆದು, ಹೋಳನ್ನು ಕಿಸೆಯಲ್ಲಿದ್ದ ಚಿಮಟಿಗೆಯಿಂದ ಎತ್ತಿ ಅವರ ಕಣ್ಣಿನ ಮಟ್ಟಕ್ಕೆ ಹಿಡಿದಳು. ಅವರೇ ಕಟ್ಟಿದ ಉದ್ದ ದಾರ, ಅದರ ಬುಡದಲ್ಲಿ ಕಪ್ಪು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಸರ್ಜನ್ ಬಾಗಿ ನೋಡಿದರು, ಬಹಳ ಹೊತ್ತು ನೋಡಿದರು.

“ಯಾರು ಹಚ್ಚಿದ್ದು ಇದನ್ನ?”

ಪಿಸುಮಾತು ಶಾಯಿ ಅಕ್ಕನ ಕಡೆ ನೋಡಿದಳು. ಅವಳ ಓದು, ಅವಳ ಮುಂದಿನ ಮೂರು ವರ್ಷ, ಎಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು. ಟೆಕ್ನಿಷಿಯನ್‌ನನ್ನು ಯಾರೂ ಏನೂ ಕೇಳುವುದಿಲ್ಲ. ಸುಮ್ಮನಿದ್ದರೆ ಶಾಯಿ ಅಕ್ಕನ ಮೈಗೆ ಒಂದು ಹನಿಯೂ ತಾಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಹಚ್ಚಿದ್ದು ಇವರು” ಎಂದಳು. “ಇವರು ನನ್ನ ಕೇಳಿದ್ರು. ನಾನು ಹೇಳ್ಲಿಲ್ಲ, ಬೈದು ಕಳಿಸ್ದೆ. ಬರ್ಕೊಳ್ಳೋಕೂ ಬಿಡ್ಲಿಲ್ಲ. ತಪ್ಪು ನಂದು ಸಾರ್.”

ಸರ್ಜನ್ ಒಳಗೆ ಹೋದರು. ಬಾಗಿಲ ದುಂಡು ಗಾಜಿನಲ್ಲಿ ಇಬ್ಬರೂ ನೋಡಿದರು. ಅವರು ಹತ್ತಿಗೆ ಸ್ಪಿರಿಟ್ ಹಾಕಿ, ಚರ್ಮದ ಮೇಲಿನ ಗೆರೆಯನ್ನು ಒರೆಸಿ ಒರೆಸಿ ತೆಗೆದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಇನ್ನೊಂದು ಕಡೆ ಹೊಸ ಗೆರೆ ಎಳೆದರು. ಮೆಟ್ಟಿಲ ಮೇಲೆ ಕೂತು ಪಿಸುಮಾತು ಅತ್ತಳು. ಶಾಯಿ ಅಕ್ಕನಿಗೂ ಅಳು ಬಂತು, ಆದರೆ ಅದರ ತಪ್ಪನ್ನು ಅವಳು ಫಾರ್ಮಲಿನ್ ಮೇಲೆ ಹಾಕಿದಳು.

ಸಂಜೆ ಮುಖ್ಯಸ್ಥರು ಬಂದು ಎಲ್ಲ ಕೇಳಿಸಿಕೊಂಡರು. ತಿದ್ದಿದ ವರದಿಗೆ ಸಹಿ ಹಾಕಿದರು. “ನಾನೂ ‘ರೂಢಿಯಂತೆ’ ಅಂತ ಓದಿ ಸುಮ್ಮನೆ ನಂಬಿಬಿಟ್ಟೆನಲ್ಲ” ಎಂದರು. ಆಮೇಲೆ ಮೂರು ಪುಸ್ತಕಗಳ ಕಡೆ ನೋಡಿದರು. “ಹಳದಿ ಅಂತೂ ಬೇಡ, ಅಲ್ವಾ?”

“ಹಳದೀನೇ ಇರ್ಲಿ ಸಾರ್.”

“ಇಷ್ಟೆಲ್ಲ ಆದಮೇಲೂ?”

“ಕೆಂಪು ಪುಸ್ತಕ ಕಪಾಟಿನಲ್ಲಿ ಕೂರುತ್ತೆ, ತಂತೀದು ಮೇಜಿನ ಮೇಲೆ. ಹಳದಿ ಒಂದೇ ಕಿಸೇಲಿ ಇರೋದು. ಕೇಳೋಕೆ ಹೆದರೋರು ತೆಗೆದು ನೋಡೋದು ಕಿಸೇಲಿ ಇರೋದನ್ನೇ. ಆ ಬಣ್ಣದ ಪಟ್ಟಿ ಮೇಲೆ ನಮ್ಮದನ್ನ ಅಂಟಿಸ್ಬೇಕು, ಅಷ್ಟೇ.”

ಅವಳು ಹೇಳುತ್ತಾ ಹೋದಳು, ಪಿಸುಮಾತು ಬರೆದುಕೊಂಡಳು. ಆರು ಬಣ್ಣ, ಆರು ಮಗ್ಗುಲು. ಇಪ್ಪತ್ತಾರು ವರ್ಷದ ಗುಟ್ಟು ಅಂಗೈಯಗಲದ ಚೀಟಿಯಲ್ಲಿ ಮುಗಿದುಹೋಯಿತು. ಇನ್ನೂ ಜಾಗ ಉಳಿದಿತ್ತು. ಹದಿಮೂರು ಪ್ರತಿ ತೆಗೆದರು. ಹದಿಮೂರನೆಯದನ್ನು ಗೋಡೆಗೆ ಅಂಟಿಸಿದರು. ಒದ್ದೆ ಗೋಡೆಯೂ ಹಿಡಿದುಕೊಂಡಿತು.

ಶುಕ್ರವಾರ ಆ ಹೆಂಗಸಿನ ಎರಡನೆಯ ವರದಿ ಬಂತು. ಒಳ ಮಗ್ಗುಲಿನಿಂದ ತೆಗೆದ ತುಂಡಿನಲ್ಲಿ ಒಂಬತ್ತು ಮಿಲಿಮೀಟರಿನ ಕ್ಯಾನ್ಸರ್ ಕೂತಿತ್ತು. ಅದರ ಸುತ್ತಲಿನ ಅಂಚು ಪೂರ್ತಿ ಸ್ವಚ್ಛ. ಶಾಯಿ ಅಕ್ಕ ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದಳು.

ಸೋಮವಾರ ಪುಸ್ತಕಗಳು ಬಂದವು. ಹನ್ನೆರಡು ಏಪ್ರನ್ನುಗಳ ಕಿಸೆಯಲ್ಲಿ ಹನ್ನೆರಡು ಹಳದಿ ಅಂಚು ಇಣುಕಿದವು. ಅಂದು ಐದು ಡಬ್ಬಿ ಬಂದಿದ್ದವು. ಶಾಯಿ ಅಕ್ಕ ಎಂದಿನಂತೆ ಬಾಟಲಿಗಳ ಪಕ್ಕ ನಿಂತಳು. ಹನ್ನೊಂದಾಯಿತು, ಹನ್ನೆರಡಾಯಿತು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಪಿಸುಮಾತು ಕಿಸೆಯಿಂದ ಪುಸ್ತಕ ತೆಗೆದು, ಚೀಟಿ ನೋಡಿ, ಬ್ರಷ್ಷನ್ನು ನೀಲಿಗೆ ಅದ್ದಿ, ಉದ್ದ ದಾರವಿದ್ದ ಕಡೆ ಮೆಲ್ಲಗೆ ಬಳಿದಳು.

“ಸರಿಯಾಗಿದೆ” ಎಂದಳು ಶಾಯಿ ಅಕ್ಕ, ಯಾರೂ ಕೇಳದಿದ್ದರೂ.