ಪಾಟೀಲರ ಕೋಳಿನ ಹೊರಗಿಟ್ಟೆ

ಕೇಳ್ರಿ ಗೆಳತ್ಯಾರೇ, ಇವತ್ತು ಪಾಟೀಲರ ಮನಿ ಅವ್ವಾರು ನಮ್ಮ ಕೇರಿಗಿ ಬಂದಿದ್ದರು, ಪಾಲಿಗಿ ಒಂದು ಕೋಳಿ ಕೊಡಲಿಕ್ಕೆ. ಸಾಕೋದು ನಾನು, ತತ್ತಿ ಅರ್ಧ ಅವರಿಗಿ. ನನ್ನ ನೆರಳು ಬೀಳಬಾರದಂತ ಬುಟ್ಟಿ ನೆಲಕ್ಕಿಟ್ಟು ದೂರ ಸರಿದು ನಿಂತರು.

ನಾನು ಆ ಕೋಳಿನ ಗೂಡಿಗಿ ಬಿಡಲಿಲ್ಲ. ಹಿತ್ತಲದಾಗ ಬೇರೆ ಕಟ್ಟಿ, ನೀರಿಗೂ ಬೇರೆ ಬಟ್ಟಲು ಇಟ್ಟೆ. ಅವ್ವಾರ ಮಾರಿ ಕೆಂಪಾಯ್ತು.

"ಯಾಕ, ನಮ್ಮ ಕೋಳಿ ನಿನ್ನ ಕೋಳಿ ಜೋಡಿ ಕೂಡಬಾರದೇನು?"

"ರೋಗ ಇದ್ರ ಹ್ಯಾಂಗರಿ? ಹೋದ ಸಲ ಸಂತಿಯಿಂದ ತಂದ ಒಂದು ಕೋಳಿ ಗೂಡೆಲ್ಲ ಖಾಲಿ ಮಾಡ್ತು. ತತ್ತಿ ಮಾರಿ ಗಳಿಸಿದ್ದೆಲ್ಲ ಮಣ್ಣಾಯ್ತುರಿ. ನಾವು ಮೈಸೂರು ರಾಜ್ಯಕ್ಕ ಸೇರಿದ ಮ್ಯಾಲ ಬಂದ ದನದ ಡಾಕ್ಟರು ಹೇಳ್ಯಾರ್ರಿ, ಹೊಸ ಕೋಳಿ ಎರಡು ವಾರ ಬೇರೆ ಇಡಬೇಕಂತ."

"ನಮ್ಮ ಮನಿ ಕೋಳಿಗಿ ಎಂಥ ರೋಗ? ಇದು ನಮಗ ಬೇಇಜ್ಜತಿ."

"ಎರಡೇ ವಾರರಿ, ಆಮ್ಯಾಲ ಒಳಗ ಬಿಡ್ತೇನಿ."

ಬೈಕೋತ ಹೋದರು. ಕೋಳಿ ಮಾತ್ರ ಬೇಜಾರಿಲ್ಲದಂಗ ಜ್ವಾಳ ತಿನ್ಕೋತ ಕೂತದ.

ಎರಡು ವಾರಕ್ಕ ಅದು ಒಳಗ ಬರ್ತದ. ಅವರ ಬಾವಿ ಕಟ್ಟಿ ಹತ್ತಲಿಕ್ಕೆ ನಾವು ಎಷ್ಟು ವಾರ ಹೊರಗ ಇರಬೇಕು ಅಂತ ಡಾಕ್ಟರಿಗಿ ಕೇಳೋದೇ ಮರತೆ ನೋಡ್ರಿ.