ಹಳೆಯ ಗುರುತು ಅಳಿಸುವವನು

ಲಿನಕ್ಸ್ ವರ್ಚುವಲ್ ಮಷಿನ್ ಒಂದನ್ನು, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರನ್ನು, ನಕಲು ಮಾಡಿದರೆ, ಆ ನಕಲು ಹಳೆಯ ನೆಟ್‌ವರ್ಕ್ ಕಾರ್ಡಿನ ನಂಬರಿಗೇ ಜೋತುಬಿದ್ದು ಹೊಸ ಕಾರ್ಡನ್ನು ಒಪ್ಪುವುದಿಲ್ಲ; ಉಳಿದ ಕಂಪ್ಯೂಟರುಗಳ ಜೊತೆ ಅದರ ಸಂಪರ್ಕವೇ ಇರುವುದಿಲ್ಲ. ಆಸ್ಪತ್ರೆ ನಡೆಸುವವರಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿರುವುದು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನೌಕರನೊಬ್ಬನಿಗೇ. ವರದಿ ಕಳಿಸುವ ಮಷಿನ್ನಿನ ಹೊಸ ನಕಲು ಹೀಗೆ ಹಟ ಹಿಡಿದು, ರಕ್ತಪರೀಕ್ಷೆಯ ವರದಿ ವಾರ್ಡಿಗೆ ಬರದೆ ನಿಂತಾಗಲೆಲ್ಲ ಹಿರಿಯ ನರ್ಸ್ ಓಡಿಬರುತ್ತಾರೆ: "ಬೇಗ ಮಾಡಪ್ಪ, ಮೇಲೆ ಆಪರೇಷನ್ ನಿಂತಿದೆ!" "ಮಷಿನ್‌ಗೇನೂ ಆಗಿಲ್ಲ ಸಿಸ್ಟರ್, ತಾನು ಆ ಹಳೇದೇ ಅಂತ ನಂಬ್ಕೊಂಡು ಕೂತಿದೆ ಅಷ್ಟೆ," ಎಂಬುದು ಅವನ ಮಾಮೂಲಿ ಉತ್ತರ. ಹಳೆಯ ನಂಬರಿನ ಸಾಲು ಅಳಿಸುತ್ತಾನೆ, ಮಷಿನ್ ಮತ್ತೆ ಚಾಲೂ ಮಾಡಿ ಬೆರಳಿನಿಂದ ಮೇಜು ಕುಟ್ಟುತ್ತಾ ಕಾಯುತ್ತಾನೆ. ವರದಿ ಬಂದೊಡನೆ ವಾರ್ಡಿಗೆ ವಾರ್ಡೇ ನಿಟ್ಟುಸಿರುಬಿಡುತ್ತದೆ, ಅವನೂ ನಗುತ್ತಾನೆ. ಅವನ ಕೊರಳಲ್ಲಿ ಮಾತ್ರ ನಾಲ್ಕು ವರ್ಷದಿಂದ, ಕೆಲಸ ಬಿಟ್ಟುಹೋದ ಬೇರೊಬ್ಬನ ಫೋಟೊ ಇರುವ ಗುರುತಿನ ಚೀಟಿ. ನೀವು ಕೆಲಸ ಮಾಡುವಲ್ಲೂ ಇಂಥವನೊಬ್ಬನಿದ್ದಾನೆ. ಇವತ್ತೇ ಅವನ ಹೆಸರು ಕೇಳಿ, ಅವನದೇ ಚೀಟಿ ಮಾಡಿಸಿಕೊಡಿ.