ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಂತ ಮುದುಕಿ

ನನ್ನ ಮೊಮ್ಮಗ ಅಮೋಘಿ ದೆವ್ವ ಸಾಕಿದ್ದಾನೆ. ನನ್ನ ಮಾವ ತಿಕೋಟಾದಲ್ಲಿ ಕುರಿ ಸಾಕಿದರು, ಗಂಡ ಎಮ್ಮೆ ಸಾಕಿದರು, ಮಗ ದ್ರಾಕ್ಷಿ ಬಳ್ಳಿ ಸಾಕಿದ. ಕುರಿ ಉಣ್ಣೆ ಕೊಟ್ಟಿತು, ಎಮ್ಮೆ ಹಾಲು ಕೊಟ್ಟಿತು, ಬಳ್ಳಿ ಒಂದು ವರ್ಷ ಕೊಟ್ಟು ಇನ್ನೊಂದು ವರ್ಷ ಮುಖ ತಿರುಗಿಸಿತು. ದೆವ್ವ ಏನು ಕೊಡುತ್ತದೆ ಎಂದು ಕೇಳಿದರೆ, "ಪಾಯಿಂಟ್ ಕೊಡತಾವ ಬೇ ಆಯಿ," ಅನ್ನುತ್ತಾನೆ. ಆ ಪಾಯಿಂಟಿಗೆ ಕಿರಾಣಿ ಅಂಗಡಿಯವನು ಒಂದು ಕಡ್ಡಿಪೆಟ್ಟಿಗೆಯನ್ನೂ ಕೊಡುವುದಿಲ್ಲ. ವಿಚಾರಿಸಿದ್ದೇನೆ.

ಇದನ್ನೆಲ್ಲ ಅವನ ತಂಗಿ ಶೈಲಶ್ರೀ ನನ್ನ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದಾಳೆ. ನಿನ್ನ ಮಾತನ್ನು ಪುಸ್ತಕದ ಕನ್ನಡ ಮಾಡುತ್ತೇನೆ ಅಂದಳು. ನನ್ನದನ್ನು ಮಾಡಿಕೊ, ಮಂದಿ ಆಡಿದ್ದನ್ನು ಆಡಿದ ಹಾಗೇ ಬಿಡು ಅಂದಿದ್ದೇನೆ. ಇಲ್ಲವಾದರೆ ಮುಂದೆ ಬರುವ ಬಬಲೇಶ್ವರದವರು ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಬೈದಂತಾಗುತ್ತದೆ.

ದೆವ್ವ ಸಾಕುವವನೆಂದರೆ ಗಟ್ಟಿ ಆಳು ಅಂದುಕೊಳ್ಳಬೇಡಿ. ಬಿದಿರು ಕೋಲಿಗೆ ಅಂಗಿ ತೊಡಿಸಿದ ಹಾಗಿದ್ದಾನೆ. ಮದುವೆಯ ವಯಸ್ಸು ಬಂದು, ಬಾಗಿಲಲ್ಲಿ ನಿಂತು, ಬೇಸತ್ತು ಮುಂದೆ ಹೋಗುತ್ತಿತ್ತು. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ಇವತ್ತಿಗೂ ಮೊಬೈಲ್ ಬೆಳಕು ಬಿಟ್ಟುಕೊಂಡು, ಸುಮ್ಮನೆ ಕೆಮ್ಮುತ್ತಾ ಹೋಗುತ್ತಾನೆ.

ಸೊಲ್ಲಾಪುರ ರಸ್ತೆಯಲ್ಲಿ ಯುನುಸ ಎಂಬುವನ ಫ್ಲೆಕ್ಸ್ ಅಂಗಡಿ ಇದೆ. ಅಲ್ಲಿ ಬ್ಯಾನರ್ ಮಾಡುವುದು ಅಮೋಘಿಯ ಕೆಲಸ. ನಮ್ಮ ವಿಜಯಪುರದಲ್ಲಿ ಬ್ಯಾನರು ಎರಡೇ ಬಗೆ: ಹುಟ್ಟಿದ್ದಕ್ಕೊಂದು, ಸತ್ತಿದ್ದಕ್ಕೊಂದು. ಹುಟ್ಟುಹಬ್ಬದವರು ಬಹಳ ಕಾಟ. ಕಪ್ಪು ಚಸ್ಮಾ ಹಾಕಿದ ಯುವ ನಾಯಕರು ಅವನ ಬೆನ್ನ ಹಿಂದೆ ನಿಂತು, ನನ್ನ ತಲೆ ಅವನ ತಲೆಗಿಂತ ದೊಡ್ಡದಾಗಲಿ, ನನ್ನನ್ನು ಇನ್ನೂ ಬೆಳ್ಳಗೆ ಮಾಡು ಅನ್ನುತ್ತಾರೆ. ಅವರು ಯಾರಿಗೆ ನಾಯಕರೋ ಬ್ಯಾನರಿಗೇ ಗೊತ್ತು. ಸತ್ತವರು ಹಾಗಲ್ಲ. ಮನೆಯವರು ಯಾವುದೋ ಮದುವೆಯ ಗುಂಪು ಫೋಟೋ ತಂದುಕೊಡುತ್ತಾರೆ. ಇವನು ಅದರೊಳಗಿಂದ ಮುದುಕನನ್ನು ಬಿಡಿಸಿ, ಹೆಗಲ ಮೇಲಿದ್ದ ಯಾರದೋ ಕೈ ಅಳಿಸಿ, ಹಿಂದೆ ನೀಲಿ ಆಕಾಶ ಬಿಟ್ಟು, ಎರಡೂ ಕಡೆ ದೀಪ ಹಚ್ಚಿ, ಮೇಲೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದುಕೊಡುತ್ತಾನೆ. ಆ ಮುದುಕ ತಿರುಗಿ ಬಂದು, ನನ್ನ ಕಿವಿ ಯಾಕೆ ಸಣ್ಣದು ಮಾಡಿದಿ ಎಂದು ಕೇಳಿದ್ದಿಲ್ಲ.

ಅಂಗಡಿಯಲ್ಲಿ ಹಳತಾದ ಕಂಪ್ಯೂಟರನ್ನು ಯುನುಸ ಇವನಿಗೆ ಕೊಟ್ಟ. ಅದನ್ನು ಮನೆಗೆ ತಂದವನೇ ಗೇಮ್ ಮಾಡಲು ಕುಳಿತ. ನುಣುಪಾದ ಚಿತ್ರ ಬಿಡಿಸಿದರೆ ಆ ಯಂತ್ರ ರೊಟ್ಟಿ ಹಂಚಿನಂತೆ ಕಾಯುತ್ತದೆ. ಅದಕ್ಕೇ ಎಲ್ಲವನ್ನೂ ಚೌಕ ಚೌಕವಾಗಿ ಬಿಡಿಸಿದ, ನನ್ನ ಕೌದಿಯ ತುಂಡುಗಳ ಹಾಗೆ. ನಾಲ್ಕು ಚೌಕ ಸೇರಿದರೆ ಒಂದು ಮೂಗು. "ಹಿಂದಿನ ಕಾಲದ ಗೇಮ್ ಹಿಂಗ ಇರ್ತಿದ್ವು ಆಯಿ, ಈಗ ಮತ್ತ ಮಂದಿಗೆ ಇದ ಬೇಕಾಗೈತಿ," ಅಂದ. ಮಂದಿಗೆ ಹಳೆಯದು ಬೇಕಾದರೆ ನಾನೊಬ್ಬಳು ಇಲ್ಲೇ ಕುಳಿತಿದ್ದೇನಲ್ಲ, ನನ್ನನ್ನು ಯಾರೂ ಕೇಳಲಿಲ್ಲ.

ಗೇಮಿನ ಕತೆ ಇಷ್ಟು. ಒಬ್ಬ ಹುಡುಗನ ಆಡಿನ ಮರಿ ಕಳೆದಿದೆ. ಅವನು ಬ್ಯಾಟರಿ ಹಿಡಿದು ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಹುಡುಕುತ್ತಾನೆ. ಅಂತಸ್ತಿನ ಮೇಲೆ ಅಂತಸ್ತಾಗಿ ಬಲೆ ಕಟ್ಟಿ ದ್ರಾಕ್ಷಿ ಹರಡುವ ಶೆಡ್ಡು. ಸುಗ್ಗಿ ಮುಗಿದ ಮೇಲೆ ಒಳಗೆ ಗಾಳಿ ಬಿಟ್ಟರೆ ಯಾರೂ ಇರುವುದಿಲ್ಲ. ಇವನ ಗೇಮಿನಲ್ಲಿ ಬಲೆಯ ಹಿಂದೆ ದೆವ್ವಗಳು ನಿಂತಿರುತ್ತವೆ. ಅಡ್ಡ ಬಂದ ದೆವ್ವದ ಜೊತೆ ಹೊಡೆದಾಡಬೇಕು, ಅದೂ ಪಾಳಿಯ ಪ್ರಕಾರ. ನೀನೊಂದು ಹೊಡೆದು ಕೈಕಟ್ಟಿ ನಿಲ್ಲಬೇಕು. ಆಮೇಲೆ ದೆವ್ವದ ಪಾಳಿ. ಅದು ಹೊಡೆದು ನಿಂತ ಮೇಲೆ ಮತ್ತೆ ನಿನ್ನ ಪಾಳಿ. ನಾನೂ ನನ್ನ ಸೊಸೆಯೂ ಇಷ್ಟು ವರ್ಷ ಒಂದೇ ಒಲೆಯ ಮುಂದೆ ಜಗಳಾಡಿದ್ದೇವೆ, ಯಾರೂ ಪಾಳಿ ಕಾದಿಲ್ಲ. ನಲ್ಲಿಯ ಮುಂದೆ ಕೊಡಕ್ಕೆ ಪಾಳಿ ಇರುತ್ತದೆ, ಸಿಟ್ಟಿಗೆ ಪಾಳಿ ಇರುವುದನ್ನು ಮೊದಲ ಬಾರಿ ಕಂಡೆ.

ದೆವ್ವಗಳ ಮುಖ ಎಲ್ಲಿಂದ ತಂದ? ಅಂಗಡಿಯಿಂದಲೇ. ಶ್ರದ್ಧಾಂಜಲಿಯ ಫೋಟೋಗಳೆಲ್ಲ ಕಂಪ್ಯೂಟರಿನಲ್ಲೇ ಬಿದ್ದಿದ್ದವು. ಒಂದೊಂದನ್ನೇ ತೆಗೆದು ಚೌಕ ಮಾಡಿದ. ಯುನುಸ ಒಮ್ಮೆ ನಮ್ಮ ಮನೆಗೆ ಬಂದಾಗ ನೋಡಿ ಗಾಬರಿಯಾದ.

"ಲೇ ಅಮೋಘಿ, ಗಿರಾಕಿ ನೋಡಿದ್ರ ನನ್ನ ಮಷೀನ್ ಒಡೀತಾರಲೇ."

"ಯುನುಸಭಾಯ್, ಮೂಗು ಬಾಯಿ ಎಲ್ಲಾ ಅಳಿಸೇನಿ. ಹೆತ್ತ ಮಕ್ಕಳಿಗೂ ಗುರ್ತ ಸಿಗೂದಿಲ್ಲ."

ಇದು ಕುರಿ ಕಾಯುವವರ ಮನೆಯ ಕುಡಿ ಆಡುವ ಮಾತೇ? ನಮ್ಮ ಕಡೆ ಹೊಲದ ಆಚೆಯ ಬದುವಿನಲ್ಲಿ ಹೋಗುವವರನ್ನು ಮೂಗು ನೋಡಿ ಯಾರು ಗುರುತಿಸುತ್ತಾರೆ? ಸೆರಗು ಹೊದ್ದ ರೀತಿ, ರುಮಾಲು ವಾಲಿದ ಕಡೆ, ನಿಂತಾಗ ಕೈ ಎಲ್ಲಿಡುತ್ತಾರೆ, ಇಷ್ಟು ನೋಡಿ, ಅಗೋ ನಮ್ಮ ಚಿಗವ್ವ ಬಂದಳು ಅನ್ನುತ್ತೇವೆ. ನನ್ನ ಮೊಮ್ಮಗ ಮೂಗನ್ನು ಅಳಿಸಿ ಸೆರಗನ್ನು ಹಾಗೇ ಬಿಟ್ಟಿದ್ದ.

ಈಗ ಹೆಣ್ಣಿನ ಮಾತಿಗೆ ಬರುತ್ತೇನೆ. ಹುಡುಗ ಫ್ಲೆಕ್ಸ್ ಮಾಡುತ್ತಾನೆ ಅಂದರೆ ಹೆಣ್ಣಿನವರು ತಲೆ ಆಡಿಸುತ್ತಿದ್ದರು. ಜೊತೆಗೆ ಗೇಮ್ ಮಾಡುತ್ತಾನೆ ಅಂದ ಕೂಡಲೇ, "ರಮ್ಮಿ ಆಡತಾನೇನ್ರಿ?" ಎಂದು ಕೇಳಿ ಚಹಾದ ಕಪ್ಪು ಕೆಳಗಿಡುತ್ತಿದ್ದರು. ನಾವು ಚಹಾ ಮಾಡಿ ಸೋತೆವು. ಕಡೆಗೆ ಬಬಲೇಶ್ವರಕ್ಕೆ ಹೋದೆವು. ಹುಡುಗಿ ಲಲಿತಾ, ಸ್ವಂತ ಟೇಲರ್ ಅಂಗಡಿ ಇಟ್ಟು ರವಿಕೆ ಹೊಲಿಯುತ್ತಾಳೆ. ತಟ್ಟೆ ಇಟ್ಟು ಒಳಗೆ ಹೋಗುವ ಬದಲು ಕುರ್ಚಿ ಎಳೆದುಕೊಂಡು ಕುಳಿತಳು. "ನಿಮ್ಮ ಗೇಮ್ ನಾನೂ ಆಡಬಹುದೇನ್ರಿ?" ಎಂದು ಕೇಳಿದಳು. ಅಷ್ಟೇ. ಬರುವಾಗ ಬಸ್ಸಿನಲ್ಲಿ ಅಮೋಘಿ ಕಿಟಕಿಯ ಕಡೆ ನೋಡಿ ಒಬ್ಬನೇ ನಗುತ್ತಾ ಕುಳಿತಿದ್ದ. ಕಂಡಕ್ಟರ್ ಟಿಕೆಟ್ ಕೇಳಿದರೆ ಅವನನ್ನೂ ನೋಡಿ ನಕ್ಕ. ಈ ಹುಡುಗಿ ಬೇಡ ಅಂದರೆ ಇನ್ನು ಯಾರ ಮನೆಗೂ ಬರುವುದಿಲ್ಲ ಎಂದು ಅವನ ಅವ್ವನಿಗೆ ಹೇಳಿದನಂತೆ. ಹುಡುಗಿಯ ಹೆಸರು ಗೇಮಿನ ಹುಡುಗನ ಬ್ಯಾಟರಿಯ ಮೇಲೆ ಬರೆದಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಶೈಲಶ್ರೀ ಕಂಡುಹಿಡಿದಳು.

ಮುಂದಿನ ಭಾನುವಾರ ಅವರು ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ನಮ್ಮ ಮನೆ ನೋಡಲು ಬಂದರು. ಅಪ್ಪ ಶಿವಲಿಂಗಪ್ಪ, ಅವನ ತಂಗಿ ಅಂದರೆ ಹುಡುಗಿಯ ಸೋದರತ್ತೆ, ಜೊತೆಗೆ ಲಲಿತಾ. ಹೆಣ್ಣು ತಾನೇ ಗಂಡಿನ ಮನೆ ನೋಡಲು ಬರುವುದುಂಟೇ ಎಂದು ನನ್ನ ಸೊಸೆ ಅಡುಗೆ ಮನೆಯಲ್ಲಿ ಗೊಣಗಿದಳು. ಬಾಳುವವಳು ಅವಳು, ಸೋದರತ್ತೆ ನೋಡಿ ಏನು ಮಾಡುತ್ತಾಳೆ ಅಂದೆ. ಸೊಸೆ ಚುರಮುರಿ ನೆನೆಸಿ ಸೂಸಲಾ ಕಲಸತೊಡಗಿದಳು. ಅಷ್ಟರಲ್ಲಿ ರೈಲು ಹೋಯಿತು. ನಮ್ಮ ಮನೆಯಲ್ಲಿ ರೈಲು ಹೋದಾಗ ಗೂಡಿನ ಪಾತ್ರೆಗಳೆಲ್ಲ ಮಾತಾಡುತ್ತವೆ. ಸೋದರತ್ತೆ ಎದೆ ಹಿಡಿದುಕೊಂಡು, "ದಿನಾ ಹಿಂಗ ಏನ್ರಿ?" ಅಂದಳು. ಭಾನುವಾರ ಸ್ವಲ್ಪ ಕಡಿಮೆ ಎಂದು ನನ್ನ ಮಗ ಸುಳ್ಳು ಹೇಳಿದ.

ಲಲಿತಾ ಗೇಮ್ ಆಡಲು ಕುಳಿತಳು. ಅಮೋಘಿ ಪಕ್ಕದಲ್ಲಿ ನಿಂತು, ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಅನ್ನುತ್ತಿದ್ದ. ಅವಳು ಅವನು ಹೇಳಿದ್ದರ ವಿರುದ್ಧವೇ ಹೋಗುತ್ತಿದ್ದಳು. ಬಾವಿಯ ದೆವ್ವವನ್ನು ಗೆದ್ದಳು, ರುಮಾಲಿನ ಮುದುಕನನ್ನು ಗೆದ್ದಳು. ಕಡೆಯ ಶೆಡ್ಡು ಬಂತು. ಆಡಿನ ಮರಿ ಅಲ್ಲೇ ಇದೆ. ಬಲೆಯ ಹಿಂದಿನಿಂದ ಒಬ್ಬ ಮುದುಕಿ ಬಂದು ಬಾಗಿಲಿಗೆ ಅಡ್ಡ ನಿಂತಳು. ಇಳಕಲ್ ಸೀರೆ, ಸೆರಗಿನ ಅಂಚು ಬಾಯಿಯ ಜಾಗದಲ್ಲಿ ಕಚ್ಚಿದ್ದಾಳೆ, ಎಡಗೈ ನಡುವಿನಲ್ಲಿ ಸಿಕ್ಕಿಸಿದ ಎಲೆ ಅಡಿಕೆಯ ಚಂಚಿಯ ಮೇಲಿದೆ. ಮುಖವಿರಬೇಕಾದಲ್ಲಿ ಬರೀ ನಾಲ್ಕು ಚೌಕ.

ಸೋದರತ್ತೆಯ ಬಾಯಿಯ ಸೂಸಲಾ ಬಾಯಲ್ಲೇ ಉಳಿಯಿತು. "ಅಣ್ಣಾ, ಅವ್ವ."

ಶಿವಲಿಂಗಪ್ಪ ಎದ್ದು ಬಂದು ಬಗ್ಗಿ ನೋಡಿದ. "ಹೌದು. ನಮ್ಮ ಗುರುಬಾಯಿ."

ಅಮೋಘಿ ಕೊರಡಾದ. ಗುರುಬಾಯಿ ಶಿವಲಿಂಗಪ್ಪನ ತಾಯಿ, ಲಲಿತಾಳ ಆಯಿ. ತೀರಿಕೊಂಡಾಗ ಬಬಲೇಶ್ವರದ ಬಸ್ ಸ್ಟ್ಯಾಂಡಿಗೆ ಕಟ್ಟಿದ ಬ್ಯಾನರ್ ಯುನುಸನ ಅಂಗಡಿಯದೇ. ಬ್ಯಾನರ್ ಮಾಡುವವನಿಗೆ ನಿಲುವು ನೆನಪಿರುತ್ತದೆ, ಹೆಸರು ಮರುದಿನವೇ ಮರೆತುಹೋಗುತ್ತದೆ.

"ನಮ್ಮವ್ವನ್ನ ದೆವ್ವ ಮಾಡೀಯೇನಲೇ?" ಶಿವಲಿಂಗಪ್ಪನ ಧ್ವನಿ ಏರಲಿಲ್ಲ, ಅದೇ ನಮಗೆ ಹೆಚ್ಚು ಹೆದರಿಕೆ ತಂದಿತು. "ಆಕಿ ದಿವಸದ ಕಾರ್ಯಕ್ಕ ಮೂರು ಊರಿಗೆ ಊಟಾ ಹಾಕಿಸೇನಿ. ಹೋಳಿಗಿ, ತುಪ್ಪ. ಅಮಾಸಿಗೆ ಸೀರಿ ಇಟ್ಟು ಎಡಿ ಹಿಡದೇನಿ. ಇಷ್ಟು ಮಾಡಿದ ಮ್ಯಾಲೆ ಆಕಿ ಶೆಡ್ಡಿನ್ಯಾಗ ಯಾಕ ನಿಂತಾಳ?"

ಅವನ ಸಂಕಟ ನಿಮಗೆ ಅರ್ಥವಾಯಿತಲ್ಲ. ನಮ್ಮಲ್ಲಿ ಮುದುಕಿ ದೆವ್ವವಾದಳು ಅಂದರೆ ಮಕ್ಕಳು ಸರಿಯಾಗಿ ಮಾಡಲಿಲ್ಲ ಎಂದು ಊರು ಹೇಳುತ್ತದೆ. ಅವನಿಗೆ ತಾಯಿ ದೆವ್ವವಾದದ್ದಕ್ಕಿಂತ ಹೋಳಿಗೆ ವ್ಯರ್ಥವಾದದ್ದು ಹೆಚ್ಚು ಉರಿಯುತ್ತಿತ್ತು.

"ಅಳಸು," ಅಂದ. "ಇಡೀ ಗೇಮ್ ಅಳಸು. ಅಳಸಿದ್ರ ಮುಂದಿನ ಮಾತು. ಇಲ್ಲಾಂದ್ರ ನಾವು ಎದ್ದೇವಿ."

ಸೋದರತ್ತೆ ಸೇರಿಸಿದಳು, "ಅದರಾಗೂ ಕೊಳ್ಳಾಗ ಬಂಗಾರದ ಬೋರಮಾಳ ಇಲ್ಲ. ನಮ್ಮವ್ವ ಬೋರಮಾಳ ಇಲ್ಲದ ಹೊಸ್ತಲಾ ದಾಟಿದಾಕಿ ಅಲ್ಲ."

ಅಮೋಘಿ ಆ ಕಂಪ್ಯೂಟರ್ ನೋಡಿದ, ಲಲಿತಾಳನ್ನು ನೋಡಿದ. ಎಷ್ಟು ವರ್ಷ ಬೆನ್ನು ಬಗ್ಗಿಸಿ ಕುಳಿತಿದ್ದ, ಉಣ್ಣಲು ಕರೆದರೆ "ಒಂದ ದೆವ್ವ ಮುಗಿಸಿ ಬರ್ತೇನಿ" ಅನ್ನುತ್ತಿದ್ದ. ನಾನು ಆ ಗೇಮನ್ನು ಬೈದಷ್ಟು ಇನ್ನಾರೂ ಬೈದಿಲ್ಲ. ಆದರೂ ಅವನ ಕೈ ಮೌಸಿನ ಕಡೆ ಹೋದಾಗ, ಹಾಲು ಕೊಡುವ ಎಮ್ಮೆಯನ್ನು ಸಂತೆಗೆ ಹೊಡೆದ ಹಾಗಾಯಿತು ನನಗೆ.

"ಅಳಸಬ್ಯಾಡ್ರಿ," ಅಂದಳು ಲಲಿತಾ. ಅವಳು ಇನ್ನೂ ಪರದೆಯನ್ನೇ ನೋಡುತ್ತಿದ್ದಳು. "ನನ್ನ ಪಾಳಿ ಇನ್ನೂ ಮುಗದಿಲ್ಲ. ಈ ಹುಡುಗನ ಚೀಲದಾಗ ಏನೇನ ಅದಾವ್ರಿ?"

"ಕುಡಗೋಲು," ಅಂದ ಅಮೋಘಿ. "ಕಲ್ಲು. ಲಿಂಬಿಹಣ್ಣು."

"ಎಲಿ ಅಡಕಿ?"

"ಇಲ್ರಿ."

"ಮನಿ ಬಾಗಲಾಗ ಮುದುಕಿ ಬಂದು ಚಂಚಿ ಮ್ಯಾಲೆ ಕೈ ಇಟ್ಟು ನಿಂತ್ರ ನೀವು ಕುಡಗೋಲು ತೋರಸ್ತೀರೇನ್ರಿ? ಆಕಿ ಹಂಗ ನಿಂತಾಳಂದ್ರ ಚಂಚಿ ಖಾಲಿ ಆಗೇತಂತ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಯಪ್ಪಾ, ನೀ ಊರಿಗೆ ಹೋಳಿಗಿ ಹಾಕಿಸ್ದಿ, ಖರೇ. ಆಯಿ ಇದ್ದಾಗ ಆಕಿ ಚಂಚಿ ತುಂಬತಿದ್ದವರು ಯಾರು?"

ಶಿವಲಿಂಗಪ್ಪ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಅದು ಹೋದ ವರ್ಷದ್ದು.

"ನಾ ತುಂಬತಿದ್ನಿ," ಅಂದಳು. "ನೀ ಕೇಳಿದ್ರ ಹಲ್ಲು ಕೆಡತಾವ ಅಂತಿದ್ದಿ. ಆಕಿಗೆ ಹಲ್ಲ ಇದ್ದಿದ್ದಿಲ್ಲ."

ನನ್ನ ಸೊಸೆ ಮೂಲೆಯಲ್ಲಿ ಸೆರಗು ಬಾಯಿಗೆ ಹಿಡಿದಳು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಲಲಿತಾ ಎದ್ದು ಅಮೋಘಿಗೆ ಕುರ್ಚಿ ಬಿಟ್ಟುಕೊಟ್ಟಳು. "ಚೀಲದಾಗ ಎಲಿ ಅಡಕಿ ಹಾಕ್ರಿ. ಈಗ. ನಾವು ಕುಂತಿರ್ತೇವಿ."

ಅಮೋಘಿ ಕುಳಿತ. ಎಲೆ ಬಿಡಿಸಿದ, ಅಡಿಕೆ ಬಿಡಿಸಿದ, ಆಮೇಲೆ ಅದೇನೇನೋ ಕುಟ್ಟಿದ. ಚಹಾ ಎರಡನೇ ಸಲ ಬಂತು. ಬೀಳ್ಕೊಡುವ ಮಾತಾಗಲಿ ನೆಂಟಸ್ತಿಕೆಯ ಮಾತಾಗಲಿ ಆಡಲು ಬಾರದೆ ನನ್ನ ಮಗ ಮತ್ತು ಶಿವಲಿಂಗಪ್ಪ ದ್ರಾಕ್ಷಿಗೆ ಬರುವ ರೋಗಗಳ ಬಗ್ಗೆ ಮಾತಾಡಿದರು. ಅದೊಂದು ವಿಷಯ ನಮ್ಮ ಕಡೆ ಯಾವತ್ತೂ ಮುಗಿಯುವುದಿಲ್ಲ, ಅಷ್ಟು ರೋಗ. ಸೋದರತ್ತೆ ಮಾತ್ರ ಅಮೋಘಿಯ ಬೆನ್ನ ಹಿಂದೆ ನಿಂತು, "ಬೋರಮಾಳದ ಗುಂಡು ಇನ್ನೂ ದಪ್ಪ ಇದ್ವು," ಅನ್ನುತ್ತಿದ್ದಳು. ಹುಟ್ಟುಹಬ್ಬದವರೇ ಮೇಲು ಅನ್ನಿಸಿರಬೇಕು ಅವನಿಗೆ.

ಆಗಿದೆ ಅಂದಾಗ ಲಲಿತಾ ಅಪ್ಪನ ಕೈಗೆ ಮೌಸ್ ಕೊಟ್ಟಳು. ಅವನು ಅದನ್ನು ಹಾವು ಹಿಡಿದ ಹಾಗೆ ಹಿಡಿದ. ಮುದುಕಿ ಬಂದು ಅಡ್ಡ ನಿಂತಳು. ಶಿವಲಿಂಗಪ್ಪ ಚೀಲ ತೆರೆದು ಎಲೆ ಅಡಿಕೆ ಒತ್ತಿದ. ಗುರುಬಾಯಿ ಕಚ್ಚಿದ್ದ ಸೆರಗು ಬಿಟ್ಟಳು. ಚಂಚಿ ಬಿಚ್ಚಿ ಎಲೆ ಒಳಗಿಟ್ಟುಕೊಂಡಳು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ಕುಕ್ಕರುಗಾಲಲ್ಲಿ ಕುಳಿತಳು. ಆಡಿನ ಮರಿ ಅವಳ ತೊಡೆಯ ಹತ್ತಿರ ನಿಂತಿತ್ತು.

ಗೇಮಿನ ಹುಡುಗ ಇನ್ನು ಮರಿ ಎತ್ತಿಕೊಂಡು ಹೊರಟರೆ ಆಟ ಮುಗಿಯಿತು. ಶಿವಲಿಂಗಪ್ಪ ಹೊರಡಲಿಲ್ಲ. ಮತ್ತೆ ಚೀಲ ತೆರೆದು ಇನ್ನೊಂದು ಎಲೆ ಕೊಟ್ಟ. ಇನ್ನೊಂದು. ಚೀಲ ಖಾಲಿಯಾಯಿತು. "ಇಷ್ಟ ಏನಲೇ?" ಎಂದು ಅಮೋಘಿಯನ್ನು ಕೇಳಿದ, ಕಣ್ಣು ಮಾತ್ರ ಆ ಕಡೆ ತಿರುಗಿಸಲಿಲ್ಲ. ರೈಲು ಬಂತು, ಪಾತ್ರೆಗಳು ಮಾತಾಡಿದವು, ಈ ಸಲ ಸೋದರತ್ತೆ ಎದೆ ಹಿಡಿಯಲಿಲ್ಲ. "ಅತ್ತ ಸರಿ ಅಣ್ಣಾ, ನನ್ನ ಪಾಳಿ," ಎಂದು ಅವನನ್ನು ದೂಡುತ್ತಿದ್ದಳು.

ಹೋಗುವಾಗ ಲಲಿತಾ ನನ್ನ ಕಾಲು ಮುಟ್ಟಿದಳು. ಮದುವೆ ಗೊತ್ತುಮಾಡಿ ಎಲೆ ಅಡಿಕೆ ಹಿಡಿಯುವ ಶಾಸ್ತ್ರಕ್ಕೆ ಯಾವಾಗ ಬರೋಣ ಎಂದು ನನ್ನ ಮಗ ಕೇಳಿದ. ಶಿವಲಿಂಗಪ್ಪ ಮಗಳ ಮುಖ ನೋಡಿದ. ಅವಳು ಅಮೋಘಿಯನ್ನು ನೋಡಿ, "ಚೀಲದಾಗ ಇನ್ನಷ್ಟು ಎಲಿ ಹಾಕಿ ಬರ್ರಿ," ಅಂದಳು. ಈಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ಹೊಲಿಗೆ ಯಂತ್ರ ರೈಲಿಗಿಂತ ಜೋರು. ಗಂಡನ ಜೊತೆ ಜಗಳಾಡುವಾಗ ಅವಳೂ ಪಾಳಿ ಕಾಯುವುದಿಲ್ಲ. ಪಾಪ, ಅವನೊಬ್ಬನೇ ಕಾಯುತ್ತಾ ನಿಂತಿರುತ್ತಾನೆ.

ಸುದ್ದಿ ಮಾತ್ರ ಹಬ್ಬಿತು. ಯುನುಸನ ಅಂಗಡಿಗೆ ಶ್ರದ್ಧಾಂಜಲಿಗೆ ಬಂದವರು, ನಮ್ಮ ಅಜ್ಜ ಮುತ್ಯಾನನ್ನೂ ಗೇಮಿನಲ್ಲಿ ನಿಲ್ಲಿಸು, ಕೈಯಲ್ಲಿ ಕೊಡಲಿ ಕೊಡು, ಪಕ್ಕದ ಮನೆಯವರ ಮುತ್ಯಾನಿಗಿಂತ ಎತ್ತರ ಮಾಡು ಅನ್ನುತ್ತಿದ್ದಾರೆ. ಯುನುಸನಿಗೆ ಈಗ ಮಷೀನಿನ ಚಿಂತೆ ಇಲ್ಲ.

ನಾನೂ ನನ್ನ ಜಾಗ ಹೇಳಿಟ್ಟಿದ್ದೇನೆ. ಬಾವಿಯ ಹತ್ತಿರ ಬೇಡ, ಮೊಣಕಾಲಿಗೆ ತಂಪು ಆಗುವುದಿಲ್ಲ. ಮೊದಲ ಶೆಡ್ಡಿನ ಬಾಗಿಲಲ್ಲೇ ಕೂರಿಸು, ಬರುವವರೆಲ್ಲ ನನ್ನನ್ನು ಮಾತಾಡಿಸಿಯೇ ಹೋಗಲಿ ಅಂದೆ. ಇನ್ನೊಂದು, ಮೊದಲ ಪಾಳಿ ನನ್ನದು. ಅಮೋಘಿ ತಲೆ ಕೆರೆದುಕೊಂಡು, "ಅದು ರೂಲ್ಸಿನ್ಯಾಗ ಬರೂದಿಲ್ಲ ಆಯಿ, ಮೊದಲ ಪಾಳಿ ಹುಡುಗಂದು," ಅಂದ.

ಒಳಗಿಂದ ಹೊಲಿಗೆ ಯಂತ್ರ ನಿಂತಿತು. "ಆಯಿ ಹೇಳಿದಂಗ ಮಾಡ್ರಿ," ಅಂದಳು ಲಲಿತಾ. ಯಂತ್ರ ಮತ್ತೆ ಶುರುವಾಯಿತು. ಅಮೋಘಿ ಕಂಪ್ಯೂಟರ್ ಹಚ್ಚಿದ.